ಅಗಸಿ ಎಣ್ಣಿ

ಮಾಳಿಗಿ ಮ್ಯಾಲ ನಾಕು ಪ್ಲೈವುಡ್ ತುಂಡು
ಆಷಾಢದಿಂದ ದೀಪಾವಳಿತನಕ ಮಲಗಿದ್ವು.

ಮರೀನ್ ವಾರ್ನಿಶ್ ಹಪ್ಪಳದಂಗ ಉಬ್ಬೈತಿ.
ಪಿಯು ಚಂದ ಹೊಳೀತೈತಿ, ಆದ್ರ
ಮೂಲ್ಯಾಗ ಒಂದು ಕೂದಲೆಳಿ ಬಿರುಕು,
ಅದರ ಕೆಳಗ ಕರೀ ನೀರು.
ಏನೂ ಹಚ್ಚದ್ದು ಬೂದಿ ಬಣ್ಣಕ್ಕ ತಿರುಗಿ
ಪದರ ಬಿಚ್ಚಿಕೊಂಡೈತಿ.

ಅಪ್ಪ, ಮೂವತ್ತು ವರ್ಷ ರೈಲ್ವೆ ವರ್ಕ್‌ಶಾಪಿನ ಬಡಿಗ್ಯಾ,
ನಾಕನೇದ್ದನ್ನ ಮೂಸಿ ನೋಡಿದ:
ಚಟ್ನಿ ವಾಸನಿ.

ಟ್ರೇಲರ್ ನನ್ನದು. ಒಳಗ ಇಬ್ಬರು ಕಾಲು ಚಾಚಬಹುದು,
ಅಪ್ಪ ಗೊರಕಿ ಹೊಡೀದಿದ್ರ.

ದುರ್ಗದಬೈಲಿನ ಪೇಂಟಿನಂಗಡಿ ಜರತಾರಘರ ನಕ್ಕ:
ವರ್ಷಾ ವರ್ಷಾ ಹಚ್ಚಬೇಕಲ್ಲ ತಂಗಿ, ಬ್ಯಾಸರ ಬರಂಗಿಲ್ಲೇನು?

ಹಚ್ತೀನಿ. ಸಿಡಿದದ್ದನ್ನ ಕೆರೆಯೂಕಿಂತ
ಹಸಿದದ್ದಕ್ಕ ಉಣಿಸೂದು ಹಗುರ.

ಬಾಗಲಕ್ಕ ಮೊದಲ ಕೈ ನಾನ ಒರೆಸಿದೆ.
ಎಣ್ಣಿ ಒಳಗಿಳೀತು.
ಚಾ ಕುಡದು ಬರೂದ್ರಾಗ
ಕಟಿಗಿ ಮತ್ತ ಬಾಯಿ ತಗದಿತ್ತು.