ಲೆಬನಾನ್ ಆದಮೇಲೆ ಲೈಬೀರಿಯಾ

ಲೆಬನಾನ್ ಆದಮೇಲೆ ಲೈಬೀರಿಯಾ.
ಪಟ್ಟಿಯನ್ನು ಮೇಲಕ್ಕೆ ತಳ್ಳಿದೆ, ಕೆಳಕ್ಕೆ ಎಳೆದೆ.
ನಡುವೆ ಇರಬೇಕಿತ್ತು ನಾವು, ಲೆಸೊಥೊದವರು:
ಇಪ್ಪತ್ತು ಚಿಲ್ಲರೆ ಲಕ್ಷ ಜನ, ಅವರ ಕುದುರೆ, ಕಂಬಳಿ,
ಸಾಲ, ಶವಸಂಸ್ಕಾರದ ಚೀಟಿ, ಜುಲೈನ ಹಿಮ.
ಕೂದಲು ತೂರುವಷ್ಟೂ ಜಾಗವಿಲ್ಲ.

‘ನಿಮ್ಮ ದೇಶವನ್ನು ಆರಿಸಿ’ ಅನ್ನುತ್ತದೆ ಪರದೆ.
ಆರಿಸಲು ನಾನು ತಯಾರು.
ಪಟ್ಟಿ ತಯಾರಿಲ್ಲ.

ಅಜ್ಜಿ ಮಾಮೊಕೆತೆ ಕೌಂಟರಿನಾಚೆ ಸ್ಟೂಲಿನ ಮೇಲೆ
ಕಂಬಳಿಯ ಪಿನ್ನು ಬಿಗಿಮಾಡಿಕೊಂಡು
ನನ್ನ ತುಟಿಯನ್ನೇ ನೋಡುತ್ತಾಳೆ.
ಅವಳ ಅಂಗೈಯಲ್ಲಿ ಎರಡು ಶ್ರವಣಯಂತ್ರ,
ಅವರೆಕಾಳಿನಷ್ಟು.
ಡರ್ಬನ್ನಿನ ಯಾರೋ ಧಣಿ ತೀರಿಕೊಂಡ ಮೇಲೆ
ಅವನ ಮನೆ ಒರೆಸುತ್ತಿದ್ದ ಮಗಳ ಪಾಲಿಗೆ ಬಂದದ್ದು,
ಸತ್ತವನ ಕಿವಿಗೆ ಹೊಂದಿಸಿದ್ದು.
ಅಜ್ಜಿಯ ಕಿವಿಗೆ ಒಗ್ಗಿಸಲು ಒಂದು ಆ್ಯಪ್ ಬೇಕು,
ಆ್ಯಪಿಗೆ ಒಂದು ದೇಶ ಬೇಕು.

ಮಾಫೆಟೆಂಗ್ ಬಸ್‌ನಿಲ್ದಾಣದ ಪಕ್ಕ ಹನ್ನೊಂದು ವರ್ಷದಿಂದ
ಮೊಬೈಲು ಬಿಚ್ಚುತ್ತಿದ್ದೇನೆ. ಸೆಖೋಬೊ ಅಂದರೆ ಯಾರೂ ತೋರಿಸುತ್ತಾರೆ.
ನೀರಿಗೆ ಬಿದ್ದದ್ದು, ಕುದುರೆ ತುಳಿದದ್ದು,
ಗಂಡ ಗೋಡೆಗೆ ಎಸೆದದ್ದು,
ಎಲ್ಲ ಎದ್ದು ಮಾತಾಡಿವೆ ಈ ಮೇಜಿನ ಮೇಲೆ.
ಮುರಿಯದೇ ಇರುವುದನ್ನು ರಿಪೇರಿ ಮಾಡುವುದು ಮಾತ್ರ
ನನಗೆ ಬರುವುದಿಲ್ಲ.

ಕಂಪನಿಗೆ ಬರೆದೆ. ಉತ್ತರ ಬಂತು, ಬಹಳ ಸೌಜನ್ಯದ್ದು:
‘ನಿಮ್ಮ ಮಾರುಕಟ್ಟೆಯನ್ನು ಮುಂದೆ ಪರಿಗಣಿಸುತ್ತೇವೆ.’
ಮಾರುಕಟ್ಟೆ ಇಲ್ಲೇ ಸ್ಟೂಲಿನ ಮೇಲೆ ಕೂತಿದೆ ಸ್ವಾಮಿ,
ವಯಸ್ಸು ಎಂಬತ್ತೊಂದು.
ಎಷ್ಟು ಮುಂದೆ?

ಹಾಗಂತ ನಮ್ಮವರೇನು ಕಡಿಮೆಯೆ?
ಮಸೇರುವಿನ ಕಚೇರಿಯಲ್ಲಿ ಗುಮಾಸ್ತ ರಾಂಟ್ಶೊ
ಕನ್ನಡಕ ಹಣೆಗೇರಿಸಿದ: ಇದರೊಳಗೆ ರೇಡಿಯೊ ಅಲೆ ಇದೆ,
ಮಂಜೂರಾತಿ ಬೇಕು. ಮಂಜೂರಾತಿಗೆ ಮೂರು ಮಾದರಿ ಬೇಕು.
ಅಜ್ಜಿಗಿರುವುದು ಎರಡೇ ಕಿವಿ, ಅಂದೆ.
ನಗಲಿಲ್ಲ. ತುಸು ಹೊತ್ತಿನ ಮೇಲೆ ದನಿ ತಗ್ಗಿಸಿ ಹೇಳಿದ:
ಯಾವುದೋ ದೊಡ್ಡ ದೇಶದ್ದನ್ನು ನಕಲು ಮಾಡಿದ ನಿಯಮವಪ್ಪಾ,
ಪುಟಗಳೆಲ್ಲ ಬಂದವು,
ಪರೀಕ್ಷೆ ಮಾಡುವ ಯಂತ್ರ ಬರಲಿಲ್ಲ.

ಹೊಳೆ ದಾಟಿದೆವು.
ಸೇತುವೆಯ ಈಚೆ ಒಂದು ಮುದ್ರೆ, ಆಚೆ ಒಂದು ಮುದ್ರೆ.
ಲೇಡಿಬ್ರಾಂಡಿನ ಪೆಟ್ರೋಲ್ ಬಂಕಿನಲ್ಲಿ ನನ್ನ ಸೋದರಮಾವನ ಮಗ.
ಅವನ ವಿಳಾಸ ಎರವಲು, ಅವನ ಸಿಮ್ಮು ಎರವಲು.
ಆ ದೇಶ ಅವನಿಗೂ ಎರವಲೇ,
ವರ್ಷಕ್ಕೊಮ್ಮೆ ಸಾಲಿನಲ್ಲಿ ನಿಂತು ನವೀಕರಿಸುತ್ತಾನೆ.
ಪರದೆ ಒಮ್ಮೆಗೇ ‘ಸ್ವಾಗತ’ ಅಂದಿತು.
ಅದೇ ಫೋನು, ಅದೇ ಅಜ್ಜಿ, ಅದೇ ಬಿಸಿಲು.
ಮೊಹೊಕರೆ ಹೊಳೆ ಮಾತ್ರ ಬೆನ್ನ ಹಿಂದೆ.

‘ಸುತ್ತಲಿನ ಸದ್ದಿಗೆ ಹೊಂದಿಸಲಾಗುತ್ತಿದೆ, ಅಲುಗಾಡಬೇಡಿ.’
ಅಲುಗಾಡಲಿಲ್ಲ ಅವಳು. ಲಾರಿಗಳು ಹಾದವು,
ಪಂಪು ಗುಂಯ್ ಅಂದಿತು, ಯಾರೋ ಆಫ್ರಿಕಾನ್ಸ್‌ನಲ್ಲಿ ಬೈದರು.
ಯಂತ್ರ ಎಲ್ಲವನ್ನೂ ಅಳೆದು ಕಿವಿಗೆ ಹೊಲಿಯಿತು.
ಕೇಳಿಸುತ್ತಾ ಅಜ್ಜೀ?
ಕೂಗಬೇಡ, ಅಂದಳು.
ಆರು ವರ್ಷದಿಂದ ಅವಳ ಜೊತೆ ಕೂಗಿಯೇ ಮಾತಾಡಿದವನು
ಬಂಕಿನ ಗೋಡೆಗೆ ತಿರುಗಿ ನಿಂತೆ ಸ್ವಲ್ಪ ಹೊತ್ತು.

ರಸ್ತೆ ಮುಗಿದು ಕುದುರೆದಾರಿ ಶುರುವಾಗುವ ಕಡೆ ಅವಳ ಊರು.
ಮೊನ್ನೆ ಬಂದಳು, ಅದೇ ಸ್ಟೂಲು, ದೂರು ಮಾತ್ರ ಹೊಸದು:
ಮಾತು ಕೇಳುತ್ತದೆ. ಮಾತಿಲ್ಲದ ಹೊತ್ತಿನಲ್ಲೂ
ಇದು ಏನನ್ನೋ ಕಾಯುತ್ತದೆ ಮಗಾ.
ಲಾರಿ ಬಂದೀತೆಂದು ತನ್ನನ್ನೇ ಮುಚ್ಚಿಕೊಳ್ಳುತ್ತದೆ.
ಗಾಳಿ ಬೀಸಿದರೆ ಗಾಳಿಯನ್ನು ತೆಗೆದುಹಾಕುತ್ತದೆ.
ಗಾಳಿಯಿಲ್ಲದ ಬೆಟ್ಟ ನಾನು ಕಂಡಿಲ್ಲ.
ಇದನ್ನು ನಮ್ಮ ಊರಿಗೆ ತಿರುಗಿಸಿಕೊಡು.

ಫೋನು ತೆಗೆದೆ. ದೇಶವನ್ನು ಆರಿಸಿ.
ಲೆಬನಾನ್.
ಹೆಬ್ಬೆರಳು ಅಲ್ಲೇ ಒತ್ತಿಹಿಡಿದು
ಎರಡು ಹೆಸರಿನ ನಡುವಿನ ಬಿಳಿ ಗೆರೆ ತೋರಿಸಿದೆ:
ಇಲ್ಲಿರಬೇಕಿತ್ತು.

ಅಜ್ಜಿ ಬಗ್ಗಿ, ಕಣ್ಣು ಕಿರಿದು ಮಾಡಿ, ತುಂಬ ಹೊತ್ತು ನೋಡಿದಳು.
ಹಿಮ ಬಿದ್ದಿದೆ, ಅಂದಳು.