ಹರಡಿನ ಮಟ್ಟಕ್ಕೆ

ಮಂಗಳವಾರ ಸಂಜೆ ಐದು. ಆಗಲೇ ಕಗ್ಗತ್ತಲು.
ಐಸ್‌ಲ್ಯಾಂಡಿನ ಈ ಬಡಗಣ ತುದಿಯಲ್ಲಿ
ಜನವರಿಯ ಸೂರ್ಯ ಬಂದು ಹೋಗುವುದು
ಸಾಲ ಕೊಟ್ಟವನ ಕಣ್ಣು ತಪ್ಪಿಸುವವನ ಹಾಗೆ.

ಕೊಳದ ಮೇಲೆ ಹಬೆ, ಹಬೆಯ ಮೇಲೆ ಹಿಮ.
ನೆಲದಡಿ ಕುದಿದ ನೀರು
ಇಲ್ಲಿಗೆ ಬರುವಷ್ಟರಲ್ಲಿ
ಎಳೆಗೂಸಿಗೆ ಎರೆಯುವ ಹದ.

ನಾನು ಕುರ್ಚಿ ಇಳಿಸುವವಳು.
ಪೋಲೆಂಡಿನಿಂದ ಮೀನು ಕತ್ತರಿಸಲು ಬಂದು
ಎರಡು ಬೆರಳು ಯಂತ್ರಕ್ಕೆ ಕೊಟ್ಟು
ಈ ಕೆಲಸಕ್ಕೆ ಸೇರಿದೆ.
ಗುಂಡಿ ಒತ್ತಿದರೆ ಗೊರ್ ಎಂದು ಕಬ್ಬಿಣದ ತೋಳು ಬಾಗುತ್ತದೆ,
ಕೂತವರನ್ನು ನೀರಿಗೆ ಒಪ್ಪಿಸುತ್ತದೆ.
ಆಮೇಲೆ ಫಾರಂ ತುಂಬುವವಳೂ ನಾನೇ:
ಹೆಸರು, ವಯಸ್ಸು,
ಈಜಿದ ದೂರ, ಮೀಟರುಗಳಲ್ಲಿ.

ಬೆರಾ ಹುಟ್ಟುಕುರುಡಿ.
ದಂಡೆಯಲ್ಲಿ ನಿಂತು ನಾಲಿಗೆಯಿಂದ ಒಮ್ಮೆ ಟಕ್ ಅನ್ನುತ್ತಾಳೆ,
ಎದುರು ಗೋಡೆಯ ಉತ್ತರಕ್ಕೆ ಕಾಯುತ್ತಾಳೆ,
ಧುಮುಕುತ್ತಾಳೆ.
ಆ ತುದಿಯಲ್ಲಿ ಸಿಗ್ನಿ ಮೇಡಂ ಇಟ್ಟ ಹಳೇ ರೇಡಿಯೋ
ಹವಾಮಾನ ಓದುತ್ತಿರುತ್ತದೆ;
ಬಿರುಗಾಳಿ ಜೋರಾದಲ್ಲಿ ಬೆರಾ ತಿರುಗುತ್ತಾಳೆ.
ನೂರು ಮೀಟರು. ಬರೆಯುವುದು ಸುಲಭ.

ಕೆಟಿಲ್‌ನದು ಕಷ್ಟ.
ನಲವತ್ತಾರು ವರ್ಷ ಕಡಲ ಮೇಲೆ ಇದ್ದವನು,
ಒಂದು ದಿನವೂ ಕಡಲ ಒಳಗಲ್ಲ.
"ನಾವು ಈಜು ಕಲಿಯಲಿಲ್ಲ.
ಆ ಥಂಡಿಯಲ್ಲಿ ಈಜು ಬಂದವನು
ಸಾಯಲು ಅರ್ಧ ಗಂಟೆ ಹೆಚ್ಚು ತೆಗೆದುಕೊಳ್ಳುತ್ತಾನೆ, ಅಷ್ಟೇ."
ಈಗ ಲಕ್ವ ಹೊಡೆದು ಎಡಮಗ್ಗುಲು ಬೇರೆ ಯಾರದ್ದೋ.
ಬಾಡಿಗೆ ಸಾಮಾನಿನ ಹಾಗೆ ಅದನ್ನು ಹೊತ್ತು ತಂದು,
ಕುರ್ಚಿಯಲ್ಲಿ ಕಣ್ಣು ಮುಚ್ಚಿ "ಇಳಿಸು" ಅನ್ನುತ್ತಾನೆ,
ಹಡಗಿನಿಂದ ಮೀನಿನ ಪೆಟ್ಟಿಗೆ ಇಳಿಸುವಾಗಿನ ದನಿಯಲ್ಲೇ.

ನಾಲ್ಕು ವಾರ ಕಂಬಿ ಬಿಡಲಿಲ್ಲ.
ಐದನೆಯ ವಾರ ಬೆರಾ ಅವನ ಹಿಂದಲೆಗೆ ಅಂಗೈ ಕೊಟ್ಟಳು.
"ಕಿವಿ ಮುಳುಗಿಸು ತಾತ. ಏನು ಕೇಳುತ್ತೆ ಹೇಳು."
ಬಹಳ ಹೊತ್ತು ಸುಮ್ಮನಿದ್ದ.
"ಎಂಜಿನ್ನು" ಅಂದ.
ಅದು ಕೊಳದ ಪಂಪು. ಯಾರೂ ತಿದ್ದಲಿಲ್ಲ.
"ಕೈ ತೆಗೆಯಲಾ?" ಕೇಳಿದಳು.
"ಯಾವ ಕೈ?" ಅಂದ.
ಎಡಗೈ ಬಲಗೈ ಎರಡೂ ತೇಲುತ್ತಿದ್ದವು
ಒಂದೇ ಬಂದರಿನ ಎರಡು ದೋಣಿಗಳ ಹಾಗೆ.
ದೂರ: ಸೊನ್ನೆ ಮೀಟರು.
ಸೊನ್ನೆಯನ್ನು ತುಸು ದೊಡ್ಡದಾಗಿಯೇ ಬರೆದೆ.

ಉನ್ನೂರ್ ಇದ್ದಾಳೆ. ಹೆಸರಿಗೆ ಅಲೆ ಎಂದು ಅರ್ಥವಂತೆ.
ನೆಲದ ಮೇಲೆ ಅವಳ ಸ್ನಾಯುಗಳೆಲ್ಲ ಬಿಗಿದ ಗಂಟು;
ನೀರು ಬಿಚ್ಚುತ್ತದೆ, ಒಂದೊಂದೇ, ಅವಸರವಿಲ್ಲದೆ.
ಬಿಚ್ಚಿದ್ದಕ್ಕೆ ಅಳತೆ ಯಾವುದು?

ಇನ್ನು ಡಾಗೂರ್.
ಒಂಬತ್ತು ವರ್ಷ. ಮಾತಿಲ್ಲ.
ಹನ್ನೊಂದು ಮಂಗಳವಾರ ಕೆಂಪು ಬೂಟು ಹಾಕಿಕೊಂಡು
ದಂಡೆಯಲ್ಲಿ ಕೂತು ಹೋದ.
ನೀರಿಗಿಳಿದ ಮೇಲೆ ಚಳಿಯೇನು ಎಂದು
ಯಾರೂ ಅವನಿಗೆ ಬುದ್ಧಿ ಹೇಳಲಿಲ್ಲ.
ಇರುವ ಚಳಿಯೆಲ್ಲ ಇಳಿಯುವ ಮೊದಲೇ.
ಸಿಗ್ನಿ ಪಕ್ಕದಲ್ಲಿ ಕೂತು ಕಾಫಿ ಕುಡಿದಳು,
ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಇವತ್ತು ಬೂಟು ಬಿಚ್ಚಿದ.
ಒಂದು ಕಾಲುಚೀಲ ಬಿಚ್ಚಿದ. ಇನ್ನೊಂದು ಇರಲಿ ಅನ್ನಿಸಿತೇನೋ.
ಬಲಗಾಲು ಇಳಿಬಿಟ್ಟ:
ಹೆಬ್ಬೆರಳು,
ಹಿಮ್ಮಡಿ,
ಹರಡು.
ಅಲ್ಲಿಗೆ ನಿಂತ.

ನೋಡದವರ ಹಾಗೆ ಎಲ್ಲರೂ ನೋಡಿದೆವು.
ಬೆರಾ ಕೇಳಿಸಿಕೊಂಡಳು.
ಕೆಟಿಲ್ ಮಾತ್ರ, ಮಲಗಿದಲ್ಲಿಂದಲೇ,
"ಎಷ್ಟು ಆಳ?" ಅಂತ ಕೂಗಿ ಬೈಸಿಕೊಂಡ.

ಮೂರು ಬೆರಳಲ್ಲಿ ಪೆನ್ನು ಹಿಡಿದು
ಮೀಟರಿನ ಕಾಲಮಿನಲ್ಲಿ ಬರೆದೆ:
ಹರಡಿನ ಮಟ್ಟ. ಬಲಗಾಲು.
ನಾಳೆ ನಗರಸಭೆಯವರು ಫೋನು ಮಾಡುತ್ತಾರೆ,
ಇದೆಂಥ ಲೆಕ್ಕ ಎಂದು. ಮಾಡಲಿ.

ಅವನು ಮರೆತು ಹೋದ ಕಾಲುಚೀಲ
ಹೀಟರಿನ ಮೇಲೆ ಒಣಗುತ್ತಿದೆ.
ಮುಂದಿನ ವಾರ ಬೇಕಾದೀತು,
ಬೇಡವಾದರೂ ಆದೀತು.