ಇವನಲ್ಲ

ಬೆಳಗ್ಗೆ ಕಾರಿನ ಮ್ಯಾಟು ಕೊಡವಿದರೆ
ಒಂದು ಸೇರು ಮರಳು.
ಕುಶಾಲನಗರದಲ್ಲಿ, ನಮ್ಮ ವಠಾರದ ನಲ್ಲಿಯ ಹತ್ತಿರ,
ತಲಚೇರಿಯ ಮರಳು.
"ಏನು ತಿಪ್ಪಯ್ಯ, ನೀನೂ ಮರಳು ದಂಧೆಗೆ ಇಳಿದೆಯಾ?"
ಅಂದಳು ಕೊಡ ಹಿಡಿದು ನಿಂತ ಸಾಕಮ್ಮ.

ನಿನ್ನೆ ಮಂಗೋಲಿಯದವರು, ನಾಲ್ಕು ಜನ.
ಬೈಲುಕುಪ್ಪೆಯ ಮಠದಲ್ಲಿರುವ ಮಗನನ್ನು ನೋಡಲು ಬಂದವರು
ಒಂದೇ ಒಂದು ದಿನ ಸಮುದ್ರ ಬೇಕೆಂದರು.
ಅವರ ದೇಶಕ್ಕೆ ಯಾವ ದಿಕ್ಕಿನಲ್ಲೂ ಕಡಲಿಲ್ಲವಂತೆ.
ಜೊತೆಗೆ ಬಂದ ಲುವ್ಸನ್ ಸ್ವಾಮಿಗೆ ಒಂಬತ್ತು ವರ್ಷದ ಕನ್ನಡ,
ಎಲ್ಲ ನಮ್ಮ ಸಂತೆಯಲ್ಲಿ ಕಲಿತದ್ದು;
ತತ್ವ ಹೇಳುವಾಗಲೂ ಚೌಕಾಶಿಯ ದನಿ.

ನೆಲ್ಯಹುದಿಕೇರಿ ಸೇತುವೆ ದಾಟಿದ ಮೇಲೆ ಕಾಫಿ ಹೂವು.
ಬಂದವರೆಲ್ಲ ಇಲ್ಲಿ ಹಿಮ ಅನ್ನುತ್ತಾರೆ. ನಾನು ಕಾದೆ.
ಅಜ್ಜಿ ಡೋಲ್ಗೋರ್ ಕಿಟಕಿಗೆ ಮೂಗು ಒತ್ತಿ ಅಂದದ್ದು ಬೇರೆ:
"ಇಷ್ಟೊಂದು ಮೊಸರುಗಡ್ಡೆ ಯಾರು ಒಣಹಾಕಿದ್ದು?
ಕಾಗೆ ಓಡಿಸಲು ಯಾರೂ ಇಲ್ಲವಲ್ಲ?"

ವಿರಾಜಪೇಟೆಯಲ್ಲಿ ಅರ್ಧ ಲೀಟರ್ ನಂದಿನಿ ಹಾಲು ಕೊಂಡರು.
ಯಾಕೆಂದು ನಾನು ಕೇಳಲಿಲ್ಲ.
ಮಾಕುಟ್ಟದ ಇಳಿಜಾರು ಶುರುವಾಯಿತು.
ನಡೆಯಲು ಕಲಿಯುವ ಮೊದಲೇ ಕುದುರೆ ಏರಿದ್ದನಂತೆ ಹುಡುಗನ ಅಪ್ಪ,
ನಾಲ್ಕನೇ ತಿರುವಿಗೇ ವಾಂತಿ.
ಕಿತ್ತಳೆ ಸಿಪ್ಪೆ ಹಿಸುಕಿ ಮೂಗಿಗೆ ಹಿಡಿದೆ.

ಆಗಲೇ ಕೇಳಿದ್ದು, ಹುಡುಗನ ಹೆಸರು.
"ಎನೆಬಿಷ್. ಇವನಲ್ಲ ಅಂತ ಅರ್ಥ" ಅಂದರು ಸ್ವಾಮಿ.
ಇವನಿಗಿಂತ ಮೊದಲಿನ ಎರಡು ಉಳಿಯಲಿಲ್ಲ;
ಹುಡುಕಿ ಬರುವುದಕ್ಕೆ ಗುರುತು ತಪ್ಪಲಿ ಎಂದು.
ಗೇರು ಬದಲಿಸಿದೆ. ಆನೆಲದ್ದಿ ಬಿದ್ದಿತ್ತು, ಬಳಸಿ ಹೋದೆ.
ಆಮೇಲೆ ಹೇಳಿದೆ: ನಾನೂ ಮೂರನೆಯವನೇ.
ತಿಪ್ಪೆಯ ಮೇಲೆ ಹೊರಳಿಸಿ, ಒಂದು ಮೊರ ತೌಡು ಕೊಟ್ಟು
ಹೆತ್ತವಳೇ ನನ್ನನ್ನು ಕೊಂಡುಕೊಂಡಳು.
ಸ್ವಾಮಿ ಅವರ ಮಾತಿನಲ್ಲಿ ಹೇಳಿದರು. ಹಿಂದಿನ ಸೀಟು ಸುಮ್ಮನಾಯಿತು.
ಅಜ್ಜಿ ಮುಂದೆ ಬಾಗಿ ನನ್ನ ನೆತ್ತಿ ಮೂಸಿದರು,
ಘಾಟಿಯ ತಿರುವಿನಲ್ಲಿ, ಐವತ್ತೆರಡು ವರ್ಷದವನ ನೆತ್ತಿ.

ತಲಚೇರಿಯಲ್ಲಿ ಕಡಲು ಇತ್ತು, ಎಂದಿನಂತೆ.
ಊಟಕ್ಕೆ ಮೀನು ಮುಟ್ಟಲಿಲ್ಲ ಯಾರೂ.
ಕಣ್ಣು ಮುಚ್ಚದೆ ಸಾಯುವುದನ್ನು ಹೇಗೆ ತಿನ್ನುವುದು ಎಂದರು ಅಜ್ಜಿ.
ನಾನು ತಿಂದೆ, ತಲೆಯನ್ನು ಎಲೆಯ ಅಡಿಗೆ ಸರಿಸಿ.

ಒಂಬತ್ತು ಕುಳಿಯ ಮರದ ಚಮಚದಲ್ಲಿ ಹಾಲು ತುಂಬಿ
ನೀರಿಗೆ ಚಿಮುಕಿಸಿದರು. ಬಲೆ ಮಡಚುತ್ತಿದ್ದವರು ನಕ್ಕರು;
ಒಬ್ಬ ಮುದುಕ ನಗಲಿಲ್ಲ.
ಬೆರಳದ್ದಿ ನೆಕ್ಕಿ, ಇನ್ನೊಮ್ಮೆ ನೆಕ್ಕಿ,
"ನಮ್ಮ ಚಹಾ" ಅಂದರು. ಉಪ್ಪು ಹಾಕಿ ಕುಡಿಯುವವರಂತೆ.
ಸಂಜೆ ಕುರಿ ದೊಡ್ಡಿಗೆ ಸೇರಿಸುವವರ ಹಾಗೆ
ಅಲೆ ಎಣಿಸುತ್ತ ಕುಳಿತರು,
ಬಾಗಿಲ ತನಕ ಬಂದು ಒಂದೂ ಒಳಗೆ ಬರುವುದಿಲ್ಲ ಎಂದು ಬೇಸರ.

ಎನೆಬಿಷ್ ಮೊಣಕಾಲಿನ ತನಕ ಇಳಿದಿದ್ದ.
ಎಲ್ಲಿತ್ತೋ ಆ ಅಲೆ.
ಅಪ್ಪ ಎಳನೀರಿನ ಗಾಡಿಯ ಹತ್ತಿರ, ತಾಯಿ ಫೋನು ಹಿಡಿದು,
ಓಡಲಾರದ ಅಜ್ಜಿ ಕುಳಿತಲ್ಲಿಂದಲೇ ಕೂಗಿದರು:
ಎನೆಬಿಷ್! ಎನೆಬಿಷ್!
ನನಗೆ ಅದು ಕನ್ನಡದಲ್ಲೇ ಕೇಳಿಸಿತು.
ಇವನಲ್ಲ! ಇವನಲ್ಲ!
ಕಡಲಿಗೆ ಹೇಳುತ್ತಿದ್ದರು, ಹುಡುಗನಿಗಲ್ಲ.

ಪ್ಯಾಂಟು ಮಡಚದೆ ಓಡಿದೆ.
ಕೈಗೆ ಸಿಕ್ಕ ಅನ್ನುವಷ್ಟರಲ್ಲಿ ನೀರು ತಾನೇ ಹಿಂದೆ ಸರಿದಿತ್ತು,
ಒಂದು ಚಪ್ಪಲಿ ಸಾಕೆಂದು.

ವಾಪಸು ಬರುವಾಗ ಎಲ್ಲರಿಗೂ ನಿದ್ದೆ.
ಪೆರುಂಬಾಡಿಯ ಚಳಿಗೆ ಕಿಟಕಿ ಏರಿಸಿದೆ.
ಬಾಡಿಗೆ ಕೊಟ್ಟರು, ಮೇಲೆ ಇನ್ನೂರು.
ಉಳಿದ ಒಂಟಿ ಚಪ್ಪಲಿ ಈಗ ಸಿಕ್ಕಿತು, ಸೀಟಿನ ಕೆಳಗೆ.

ಪೈಪು ಹಿಡಿದರೆ ಮರಳು ಚರಂಡಿಗೆ,
ಚರಂಡಿ ಕಾವೇರಿಗೆ, ಆಮೇಲೆ ಅದರ ದಾರಿ ಅದಕ್ಕೆ.
ಬಂದ ಕಡಲು ಬೇರೆ, ಸೇರುವ ಕಡಲು ಬೇರೆ.
"ಮರಳಲ್ಲ, ಸಾಕಮ್ಮ" ಅಂದೆ.
"ಮತ್ತೇನು?"
ಮ್ಯಾಟು ಇನ್ನೊಮ್ಮೆ ಕೊಡವಿದೆ.